ಮ್ಯೂರಿಯಲ್ ಕೊಟ್ಟ ಅಪ್ಪಣೆ

ಟಾರ್ಲಿಯಲ್ಲಿ ಯಾರನ್ನು ಕೇಳಿದರೂ, ಮ್ಯೂರಿಯಲ್ ಪೆನ್‌ಫೋಲ್ಡ್ ನಮ್ಮೂರ ಕೊನೆಯ ಸ್ಟೇಷನ್ ಮಾಸ್ಟರ್ ಎಂದು ಹೇಳುತ್ತಿದ್ದರು. ಅಂಚೆ ಕಚೇರಿಯವರು ಹೇಳುತ್ತಿದ್ದರು, ಮಾಂಸದಂಗಡಿಯವನು ಹೇಳುತ್ತಿದ್ದ, ಚರ್ಚಿನ ಪಾದ್ರಿಗಳೂ ಹೇಳುತ್ತಿದ್ದರು. ಅವಳು ಸ್ಟೇಷನ್ ಮಾಸ್ಟರ್ ಆಗಿರಲೇ ಇಲ್ಲ. ಕಿಟಕಿಯ ಹಿಂದೆ ಕೂತು ಟಿಕೆಟ್ ಕೊಡುವ ಗುಮಾಸ್ತೆಯಾಗಿದ್ದಳು, ಅಷ್ಟೆ. ಈ ಸಂಗತಿ ರೈಲ್ವೆಯವರಿಗೆ ಗೊತ್ತಿತ್ತು, ಅವಳ ಗಂಡ ಸೆಡ್ರಿಕ್‌ಗೆ ಗೊತ್ತಿತ್ತು, ಅವಳಿಗೆ ಗೊತ್ತಿತ್ತು. ಮೂವರಲ್ಲಿ ಯಾರೂ ಬಾಯಿ ಬಿಡಲಿಲ್ಲ.

ಹಾಗಂತ ಅವಳು ಊರಿಗೆ ಮೋಸ ಮಾಡಿದಳು ಎಂದುಕೊಳ್ಳಬೇಡಿ. ಅದು ತಾನಾಗಿ ಬಂದು ಅಂಟಿಕೊಂಡ ಪದವಿ. ನಿಜವಾದ ಸ್ಟೇಷನ್ ಮಾಸ್ಟರ್ ಹಾಸ್ಕಿನ್ಸ್ ನಿವೃತ್ತನಾದಾಗ ರೈಲ್ವೆಯವರು ಆ ಜಾಗಕ್ಕೆ ಇನ್ನೊಬ್ಬರನ್ನು ಕಳಿಸಲಿಲ್ಲ. ಇಷ್ಟು ಸಣ್ಣ ಸ್ಟೇಷನ್ನಿಗೆ ಅಷ್ಟೆಲ್ಲ ಯಾಕೆ ಎಂದರಂತೆ. ಹಾಸ್ಕಿನ್ಸ್ ಹೋದ, ಅವನ ಟೋಪಿ ಗೂಟದ ಮೇಲೆ ಉಳಿಯಿತು. ಒಂದು ಫೆಬ್ರವರಿಯಲ್ಲಿ ಹಿಮ ಬೆರೆತ ಮಳೆ ರಾಚುತ್ತಿದ್ದಾಗ, ಜನ ಜಾರಿ ಬೀಳದಿರಲೆಂದು ಪ್ಲಾಟ್‌ಫಾರಮ್ಮಿಗೆ ಉಪ್ಪು ಎರಚಲು ಹೊರಟ ಮ್ಯೂರಿಯಲ್, ತಲೆ ನೆನೆಯುವುದು ಬೇಡ ಎಂದು ಆ ಟೋಪಿ ಹಾಕಿಕೊಂಡಳು. ಎಂಟರ ಗಾಡಿಗೆ ಕಾದಿದ್ದ ಹಲ್ಲಿನ ಡಾಕ್ಟರು ಗಿಲ್ಬರ್ಟ್ ಫೆಲ್, "ಗುಡ್ ಮಾರ್ನಿಂಗ್, ಸ್ಟೇಷನ್ ಮಾಸ್ಟರ್!" ಎಂದರು. ತಮಾಷೆಗೆ ಅಂದದ್ದು. ಅವಳೂ ತಮಾಷೆಗೆ ಟೋಪಿಯ ಅಂಚು ಮುಟ್ಟಿದಳು. ಮರುದಿನ ಮಳೆ ಇರಲಿಲ್ಲ, ಟೋಪಿ ಇತ್ತು.

ಆಮೇಲೆ ಅವಳು ಆ ಟೋಪಿಗೆ ತಕ್ಕ ಹಾಗೆ ಬದುಕಿದಳು, ಅದನ್ನಂತೂ ಒಪ್ಪಲೇಬೇಕು. ಕಾಯುವ ಕೋಣೆಯ ಒಲೆಗೆ ಬೆಳಗಾಗುವ ಮುಂಚೆ ಬೆಂಕಿ ಹಾಕಿರುತ್ತಿದ್ದಳು. ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ಕುಂಡಗಳಲ್ಲಿ ಕೆಂಪು ಜೆರೇನಿಯಂ ಹೂ ಬೆಳೆಸಿದಳು. ಸಂಜೆ ಲಂಡನ್ನಿನಿಂದ ಗಾಡಿ ಬಂದು ನಿಂತರೆ ಡಬ್ಬಿಯಿಂದ ಡಬ್ಬಿಗೆ ಓಡಾಡುತ್ತ, ಒಳಗೆ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದ ನಮ್ಮೂರವರ ಕಿಟಕಿಗಳನ್ನು ಉಂಗುರದ ಬೆರಳಿನಿಂದ ಟಕಟಕ ಕುಟ್ಟಿ ಎಬ್ಬಿಸುತ್ತಿದ್ದಳು. ಅವಳು ರಜೆ ಹಾಕಿದ ದಿನ ಊರಿನ ಅರ್ಧ ಗಂಡಸರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಕಣ್ಣುಜ್ಜಿಕೊಳ್ಳುತ್ತ ನಡೆದು ಬರುತ್ತಿದ್ದರು. ರೈಲ್ವೆ ಎಂದರೆ ನಮಗೆ ಲಂಡನ್ನಿನಲ್ಲಿ ಕೂತ ಯಾರೋ ದೊಡ್ಡವರಲ್ಲ, ಮ್ಯೂರಿಯಲ್ಲೇ.

ಒಮ್ಮೆ ಒಂದು ಪತ್ರಿಕೆ ನಮ್ಮೂರನ್ನು 'ಲಂಡನ್ನಿನ ಮಲಗುವ ಕೋಣೆ' ಎಂದು ಬರೆದಾಗ ನಮಗೆಲ್ಲ ಮೈ ಉರಿದು ಹೋಗಿತ್ತು. ಲಂಡನ್ನಿಗೆ ಹೋಗಿ ದುಡಿದು ಬರುತ್ತೇವೆ, ನಿಜ. ಆದರೆ ಟಾರ್ಲಿಗೆ ಟಾರ್ಲಿಯದೇ ಆದ ಕಥೆ ಇದೆ. ರೈಲು ಬರುವ ಮುಂಚೆ ಇಲ್ಲಿ ಗುಡ್ಡದ ಮೇಲೆ ಒಂದು ಚರ್ಚು, ಒಂದು ಹೆಂಡದಂಗಡಿ, ನಾಲ್ಕಾರು ಕುರಿ ಸಾಕುವವರ ಮನೆ ಇದ್ದವು. ಹೊಗೆ ಕುಡಿದು ನನ್ನ ಕುರಿಗಳು ಕಪ್ಪಾಗುತ್ತವೆ ಎಂದು ಅಂದಿನ ಜಮೀನ್ದಾರ ಹಳಿಯನ್ನು ಗುಡ್ಡದ ಹತ್ತಿರ ಬರಗೊಡಲಿಲ್ಲ. ಹಾಗಾಗಿ ಸ್ಟೇಷನ್ನು ಕೆಳಗೆ ಜೌಗಿನಲ್ಲಿ ನಿಂತಿತು. ಸ್ಟೇಷನ್ನು ಊರಿನ ಹತ್ತಿರ ಬರದಿದ್ದರೇನು, ಊರೇ ಗುಡ್ಡ ಇಳಿದು ಬಂದು ಸ್ಟೇಷನ್ನಿನ ಪಕ್ಕ ಮನೆ ಕಟ್ಟಿಕೊಂಡಿತು. ಹಳ್ಳದಲ್ಲಿ ಬೆಳೆದ ವಾಟರ್‌ಕ್ರೆಸ್ ಸೊಪ್ಪನ್ನು ಬುಟ್ಟಿಗಟ್ಟಲೆ ಮೊದಲ ಗಾಡಿಗೆ ಹಾಕಿ ಕಳಿಸುತ್ತಿದ್ದೆವು. ಲಂಡನ್ನಿನ ದೊರೆಗಳು ಬೆಳಗಿನ ಬ್ರೆಡ್ಡಿನ ನಡುವೆ ಇಟ್ಟು ತಿಂದ ಹಸಿರು ನಮ್ಮ ಹಳ್ಳದ್ದು. ಸುಮ್ಮನೆ ಮಲಗುವ ಕೋಣೆಯಂತೆ!

ಸ್ಟೇಷನ್ನಿನ ಹಿಂದೆ ಕಲ್ಲಿದ್ದಲ ಬಯಲಿದೆ. ಉಗಿಬಂಡಿಯ ಕಾಲದಲ್ಲಿ ಗೂಡ್ಸ್ ಗಾಡಿಗಳು ಅಲ್ಲಿ ಕಲ್ಲಿದ್ದಲು ಸುರಿಯುತ್ತಿದ್ದವು. ಉಗಿಬಂಡಿಯ ಕಾಲ ಮುಗಿದ ಮೇಲೆ ರೈಲ್ವೆಯವರು ಹಳಿ ಕಿತ್ತುಕೊಂಡು ಹೋದರು, ನೆಲವನ್ನು ಮರೆತರು. ಹುಲ್ಲು ಮರೆಯಲಿಲ್ಲ. ಮೊದಲು ಹುಲ್ಲು ಬಂತು, ಆಮೇಲೆ ಬ್ಲ್ಯಾಕ್‌ಬೆರಿ ಮುಳ್ಳುಪೊದೆ, ಆಮೇಲೆ ಹಳದಿ ಕೌಸ್ಲಿಪ್ ಹೂ. ಬೇಲಿ ಇರಲಿಲ್ಲ, ಗೇಟು ಇರಲಿಲ್ಲ. ಮಕ್ಕಳು ಚಳಿಗಾಲದಲ್ಲಿ ಹಿಮದ ಮೇಲೆ ತಟ್ಟೆಯನ್ನೇ ಜಾರುಬಂಡಿ ಮಾಡಿಕೊಂಡು ಜಾರಿದರು, ನವೆಂಬರಿನ ಬೆಂಕಿಹಬ್ಬಕ್ಕೆ ಊರೆಲ್ಲ ಸೇರಿ ಬೆಂಕಿ ಹೊತ್ತಿಸಿ ಪಟಾಕಿ ಹಾರಿಸಿತು, ಸೆಪ್ಟೆಂಬರಿನಲ್ಲಿ ಹೆಂಗಸರು ಡಬ್ಬ ಹಿಡಿದು ಹಣ್ಣು ಕಿತ್ತು ಜಾಮ್ ಮಾಡಿದರು. ಕಲ್ಲಿದ್ದಲ ಧೂಳು ಕುಡಿದ ನೆಲದ ಬ್ಲ್ಯಾಕ್‌ಬೆರಿಗೆ ಇರುವ ರುಚಿ ಇಡೀ ಸೀಮೆಯಲ್ಲಿ ಬೇರೆಲ್ಲೂ ಇಲ್ಲ. ಇದನ್ನು ನಾನು ಹೇಳುವುದಲ್ಲ, ಪಕ್ಕದೂರಿನವರೂ ಹೊಟ್ಟೆಯುರಿಯಿಂದ ಒಪ್ಪುತ್ತಾರೆ.

ಕೊನೆಗೊಂದು ದಿನ ಟಿಕೆಟ್ ಕೊಡಲು ಒಂದು ಯಂತ್ರ ಬಂತು. ಮ್ಯೂರಿಯಲ್‌ಗೆ ಕೇಕು ಕೊಟ್ಟು, ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಊರಿನ ಇತಿಹಾಸ ಸಂಘದವರು ಟೋಪಿ ಹಾಕಿಕೊಂಡ ಅವಳ ದೊಡ್ಡ ಚಿತ್ರವನ್ನು ಗ್ರಂಥಾಲಯದಲ್ಲಿ ತೂಗುಹಾಕಿ, ಕೆಳಗೆ 'ಟಾರ್ಲಿಯ ಕೊನೆಯ ಸ್ಟೇಷನ್ ಮಾಸ್ಟರ್' ಎಂದು ಬರೆಸಿದರು. ಪರದೆ ಸರಿಸಿದ ದಿನ ಅವಳು ಆ ಅಕ್ಷರ ನೋಡಿದಳು. ಒಂದು ಗಳಿಗೆ ಬಾಯಿ ತೆರೆದಳು. ಸುತ್ತ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ಬಾಯಿ ಮುಚ್ಚಿದಳು. ಅಂದಿನಿಂದ ವಾರಕ್ಕೊಮ್ಮೆಯಾದರೂ ಪುಸ್ತಕ ಬದಲಿಸುವ ನೆಪದಲ್ಲಿ ಹೋಗಿ ಅದರ ಮುಂದೆ ನಿಂತು ಬರುತ್ತಿದ್ದಳು. ಓದುವುದರಲ್ಲಿ ಅವಳಿಗೆ ಅಂಥ ಆಸಕ್ತಿಯೇನೂ ಇರಲಿಲ್ಲ.

ಇಷ್ಟು ಅವಳ ಬಾಳಿನ ಶಾಂತವಾದ ಭಾಗ. ಒಂದು ವಸಂತದಲ್ಲಿ ಕಲ್ಲಿದ್ದಲ ಬಯಲಿನಲ್ಲಿ ಒಂದು ಫಲಕ ಎದ್ದು ನಿಂತಿತು. ರೈಲ್ವೆಯವರು ಆ ನೆಲವನ್ನು ಮನೆ ಕಟ್ಟುವ ಒಂದು ಕಂಪನಿಗೆ ಮಾರಿದ್ದರು. ಮುಳ್ಳುಪೊದೆ ಇದ್ದಲ್ಲಿ ಕಾರು ನಿಲ್ಲಿಸುವ ಜಾಗ, ಬೆಂಕಿ ಹೊತ್ತಿಸುತ್ತಿದ್ದಲ್ಲಿ ಸಾಲುಮನೆ.

ಚರ್ಚಿನ ಹಾಲಿನಲ್ಲಿ ಊರು ಸೇರಿತು. ಬೆಳಗಿನ ಮೊದಲ ಗಾಡಿಗೆ ಲಂಡನ್ನಿಗೆ ಹೋಗುವ ವಕೀಲೆ ಇಮೊಜೆನ್ ಚಾಡ್‌ವಿಕ್, ಚಿಕ್ಕವಳಿದ್ದಾಗ ಆ ಬಯಲಿನಲ್ಲೇ ಜಾರಿ ಮುಂದಿನ ಹಲ್ಲು ಮುರಿದುಕೊಂಡವಳು, ಎದ್ದು ನಿಂತು ಕಾನೂನು ಬಿಡಿಸಿ ಹೇಳಿದಳು.

"ಇಪ್ಪತ್ತು ವರ್ಷ ಊರಿನ ಜನ ಒಂದು ಜಾಗನ ತಮ್ಮದೇ ಅನ್ನೋ ಹಾಗೆ ಬಳಸಿದ್ರೆ, ಅದು ಊರ ಬಯಲು ಅಂತ ಆಗುತ್ತೆ. ಆಮೇಲೆ ಯಾವ ಕಂಪನಿನೂ ಅಲ್ಲಿ ಒಂದು ಇಟ್ಟಿಗೆ ಇಡೋ ಹಾಗಿಲ್ಲ. ಆದ್ರೆ ಮೂರು ಷರತ್ತಿದೆ. ಕದ್ದುಮುಚ್ಚಿ ಹೋಗಿರಬಾರದು. ಬೇಲಿ ಮುರಿದು ನುಗ್ಗಿರಬಾರದು. ನೆಲದ ಮಾಲೀಕರ ಅಪ್ಪಣೆ ತಗೊಂಡಿರಬಾರದು."

"ಅಪ್ಪಣೆ ತಗೊಂಡಿದ್ರೆ ಒಳ್ಳೇದಲ್ವೇನಮ್ಮ?" ಎಂದಳು ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದ ಹಿಲ್ಡಾ ಪಾಟಿಂಜರ್.

"ಇಲ್ಲ ಹಿಲ್ಡಾ. ಅಪ್ಪಣೆ ಕೊಟ್ರೆ ಅದು ಅವರ ದಯೆ. ದಯೆನ ಯಾವಾಗ ಬೇಕಾದ್ರೂ ವಾಪಸ್ ತಗೋಬಹುದು. ಕೇಳದೆ ಹೋಗಿದ್ರೆ ಮಾತ್ರ ಹಕ್ಕು."

ಹಾಲಿನಲ್ಲಿ ಗುಜುಗುಜು ಎದ್ದಿತು. ನಮ್ಮವರು ಬೇರೆಯವರು ತಮ್ಮ ಕಾಲು ತುಳಿದರೂ ತಾವೇ 'ಸಾರಿ' ಎನ್ನುವ ಜನ. ಕೇಳದೆ ಮಾಡುವುದು ಪುಣ್ಯ, ಕೇಳಿ ಮಾಡುವುದು ಪಾಪ ಎಂಬ ಕಾನೂನು ಅವರ ತಲೆಗೆ ಇಳಿಯಲಿಲ್ಲ. ಏನೋ ಕೋರ್ಟಿನ ಭಾಷೆ ಇರಬೇಕು ಎಂದುಕೊಂಡು ಚಹಾದ ಕಡೆ ನಡೆದರು. ಹೋರಾಟದ ಸಮಿತಿಗೆ ಯಾರು ಅಧ್ಯಕ್ಷರು ಎಂಬ ಪ್ರಶ್ನೆಯೇ ಏಳಲಿಲ್ಲ. ರೈಲ್ವೆಯ ನೆಲ, ಅಂದ ಮೇಲೆ ಸ್ಟೇಷನ್ ಮಾಸ್ಟರೇ ಅಧ್ಯಕ್ಷರು.

ಇದು ಊರ ಬಯಲು ಎಂದು ನಾವು ಹಾಕಿದ ಅರ್ಜಿಯ ವಿಚಾರಣೆ ಅಕ್ಟೋಬರಿನಲ್ಲಿ ನಡೆಯಿತು, ಅದೇ ಹಾಲಿನಲ್ಲಿ. ಸರ್ಕಾರದಿಂದ ಬಂದ ವಿಚಾರಣಾಧಿಕಾರಿ ಬೆಳ್ಳಿ ಕೂದಲಿನ, ಮಿತಭಾಷಿ ಹೆಂಗಸು. ಕಂಪನಿಯ ಪರವಾಗಿ ಲ್ಯಾಟಿಮರ್ ಎಂಬ ವಕೀಲ ಬಂದಿದ್ದ. ಗುಡುಗುವವನು, ಮೇಜು ಕುಟ್ಟುವವನು ಬರುತ್ತಾನೆಂದು ಊರೆಲ್ಲ ಮೈ ಗಟ್ಟಿ ಮಾಡಿಕೊಂಡು ಕೂತಿತ್ತು. ಬಂದವನು ಬೆಣ್ಣೆಯಂಥವನು. ಬಾಗಿಲಲ್ಲಿ ಮುದುಕಿಯರಿಗೆ ದಾರಿ ಬಿಟ್ಟ, ಹಿಲ್ಡಾ ಮಾಡಿದ್ದ ಕೇಕನ್ನು ಎರಡು ಸಲ ಹಾಕಿಸಿಕೊಂಡ. ನಮ್ಮವರು ಅಲ್ಲೇ ಕರಗಿದರು.

ಮೊದಲು ಹಿಲ್ಡಾಳ ಸಾಕ್ಷಿ.

"ಬಯಲಿಗೆ ದಿನಾ ಯಾರ್ ಯಾರು ಬರ್ತಿದ್ರು, ಸ್ವಲ್ಪ ಹೇಳ್ತೀರಾ ಮೇಡಂ?" ಎಂದು ಲ್ಯಾಟಿಮರ್ ಕೇಳಿದ.

"ಎಲ್ಲಾರೂ ಬರ್ತಿದ್ರಪ್ಪ. ಬೆಳಿಗ್ಗೆ ಮೊದಲು ಬಿಸ್ಕತ್ತು ಬರೋದು. ಆಮೇಲೆ ಡಚೆಸ್ಸು. ಮಳೆ ಇಲ್ದಿದ್ರೆ ಮುದುಕ ಮಾರ್ಮಲೇಡೂ ಬರೋನು, ಪಾಪ ಅವನಿಗೆ ಹಿಂದಿನ ಕಾಲು ನೋವು."

"ನಾಯಿಗಳು ಬೇಡ ಮೇಡಂ. ಮನುಷ್ಯರ ಹೆಸರು?"

ಹಿಲ್ಡಾ ತಬ್ಬಿಬ್ಬಾದಳು. "ಡಚೆಸ್ಸನ್ನ ಕರ್ಕೊಂಡ್ ಬರೋರು ಉದ್ದಕ್ಕಿದಾರೆ, ಕನ್ನಡಕ ಹಾಕ್ತಾರೆ. ಹೆಸರು ಗೊತ್ತಿಲ್ಲ."

"ದಿನಾ ಸಿಗ್ತಿದ್ರಿ, ಹೆಸರು ಕೇಳಲಿಲ್ವಾ?"

"ಹಾಗೆಲ್ಲ ಕೇಳೋಕಾಗುತ್ತಾ? ಇನ್ನೂ ಪರಿಚಯ ಆಗಿರ್ಲಿಲ್ಲ. ಹದಿನೈದು ವರ್ಷ ಆಗಿತ್ತೇನೋ ಅಷ್ಟೆ."

ಹಾಲಿನ ಮೂಲೆಯಲ್ಲಿ ಉದ್ದಕ್ಕಿದ್ದ ಕನ್ನಡಕದವರು ಕಿವಿಯವರೆಗೆ ಕೆಂಪಾಗಿ ನೆಲ ನೋಡಿದರು. ವಿಚಾರಣಾಧಿಕಾರಿ ನಗು ನುಂಗಿಕೊಂಡು ಏನನ್ನೋ ಬರೆದುಕೊಂಡರು. ಇದರಿಂದ ನಷ್ಟವೇನೂ ಆಗಲಿಲ್ಲ. ನಿಜವಾದ ನಷ್ಟ ಹಲ್ಲಿನ ಡಾಕ್ಟರು ಫೆಲ್ ಕುರ್ಚಿಯಲ್ಲಿ ಕೂತ ಮೇಲೆ ಶುರುವಾಯಿತು.

"ಡಾಕ್ಟರೇ, ತಮ್ಮನ್ನ ನೋಡಿದ್ರೆ, ಹೇಳದೆ ಕೇಳದೆ ಇನ್ನೊಬ್ಬರ ಜಾಗಕ್ಕೆ ನುಗ್ಗೋರ ಹಾಗೆ ಕಾಣೋದಿಲ್ಲ," ಎಂದ ಲ್ಯಾಟಿಮರ್, ಬಹಳ ಗೌರವದಿಂದ.

ಫೆಲ್ ಸೆಟೆದು ಕೂತರು. "ನುಗ್ಗೋದಾ? ನಾನಾ? ಖಂಡಿತ ಇಲ್ಲ. ಕೇಳಿಕೊಂಡೇ ಹೋದೆ."

"ಯಾರನ್ನ ಕೇಳಿದ್ರಿ ಅಂತ ಗೊತ್ತಾಗಬಹುದಾ?"

"ಇನ್ಯಾರನ್ನ? ನೇರವಾಗಿ ಸ್ಟೇಷನ್ ಮಾಸ್ಟರನ್ನೇ ಕೇಳಿದೆ. ಅಗೋ, ಅಲ್ಲೇ ಕೂತಿದಾರೆ. 'ಮಿಸೆಸ್ ಪೆನ್‌ಫೋಲ್ಡ್, ಆ ಕಡೆಯಿಂದ ದಾಟಿ ಹೋಗಬಹುದಾ?' ಅಂದೆ. 'ಧಾರಾಳವಾಗಿ ಹೋಗಿ ಡಾಕ್ಟ್ರೇ' ಅಂದ್ರು."

ಇಮೊಜೆನ್ ಕಣ್ಣು ಮುಚ್ಚಿಕೊಂಡಳು. ಮುಂದೆ ಬಂದವರೆಲ್ಲ ಡಾಕ್ಟರಿಗಿಂತ ತಾವೇನು ಕಡಿಮೆ ಮರ್ಯಾದಸ್ಥರೇ ಎಂಬಂತೆ ಪೈಪೋಟಿಗೆ ಬಿದ್ದರು. ನಾನೂ ಮಿಸೆಸ್ ಪೆನ್‌ಫೋಲ್ಡರನ್ನು ಕೇಳಿದೆ. ನಾನು ನಾಯಿ ತಂದಾಗ ಒಮ್ಮೆ, ಮಗು ಹುಟ್ಟಿದಾಗ ಒಮ್ಮೆ ಕೇಳಿದೆ. ನಾವು ಪಟಾಕಿಗೆ ಪ್ರತಿ ವರ್ಷ ಕೇಳುತ್ತಿದ್ದೆವು. ಒಬ್ಬೊಬ್ಬರು ಎದ್ದು ಹೋಗುವಾಗಲೂ ಲ್ಯಾಟಿಮರ್ ತಲೆಬಾಗಿ ವಂದಿಸಿದ. ಒಬ್ಬೊಬ್ಬರೂ ಮ್ಯೂರಿಯಲ್ ಕಡೆ ನೋಡಿ, ಒಳ್ಳೆಯ ಕೆಲಸ ಮಾಡಿದೆನಲ್ಲ ಎಂಬಂತೆ ಮುಗುಳ್ನಕ್ಕರು.

ಊಟದ ಬಿಡುವಿನಲ್ಲಿ ಇಮೊಜೆನ್ ಅವಳನ್ನು ಹಾಲಿನ ಹಿಂಬದಿಗೆ ಕರೆದುಕೊಂಡು ಹೋದಳು.

"ಮುಗೀತು ಮಿಸೆಸ್ ಪೆನ್‌ಫೋಲ್ಡ್. ಊರೆಲ್ಲ ನಿಮ್ಮನ್ನ ಕೇಳಿದೆ, ನೀವು ಹ್ಞೂಂ ಅಂದಿದೀರಿ. ಸ್ಟೇಷನ್ ಮಾಸ್ಟರ್ ಹ್ಞೂಂ ಅಂದ್ರೆ ರೈಲ್ವೆಯೇ ಹ್ಞೂಂ ಅಂದ ಹಾಗೆ. ಅದು ಅಪ್ಪಣೆ. ನಮ್ಮ ಹಕ್ಕು ಅಲ್ಲಿಗೇ ಸತ್ತುಹೋಯ್ತು."

"ಬೇರೆ ದಾರಿ ಇಲ್ವಾ?"

"ಅಪ್ಪಣೆ ಕೊಟ್ಟೋರಿಗೆ ಅಪ್ಪಣೆ ಕೊಡೋ ಅಧಿಕಾರವೇ ಇರಲಿಲ್ಲ ಅಂತಾದ್ರೆ, ಆಗ ಅದು ಅಪ್ಪಣೆ ಅಲ್ಲ, ಬರೀ ಮಾತು. ದಾರೀಲಿ ಹೋಗೋನು ಯಾವನೋ ಹೇಳಿದ್ರೆ ಯಾರು ಲೆಕ್ಕಕ್ಕಿಡ್ತಾರೆ? ಆದ್ರೆ ನೀವು ದಾರೀಲಿ ಹೋಗೋರಲ್ಲವಲ್ಲ! ನೀವು ಸ್ಟೇಷನ್ ಮಾಸ್ಟರ್!" ಇಮೊಜೆನ್‌ಗೆ ಅಳು ಬರುವುದೊಂದು ಬಾಕಿ. "ನಾಳೆ ಮೊದಲು ನಿಮ್ಮನ್ನೇ ಕರೀತಾರೆ."

ಮ್ಯೂರಿಯಲ್ ಕೈಯಲ್ಲಿದ್ದ ಸಾಸೇಜ್ ರೋಲನ್ನು ತಿನ್ನದೆ ಕಾಗದದಲ್ಲಿ ಸುತ್ತಿಟ್ಟಳು.

ಸಂಜೆ ಅವಳು ಮನೆಗೆ ಹೋಗದೆ ಸೆಡ್ರಿಕ್‌ನ ತರಕಾರಿ ಮಡಿಗಳ ಹತ್ತಿರ ಹೋದಳು. ಹಳಿಯ ಪಕ್ಕ ಊರವರು ಬಾಡಿಗೆಗೆ ಹಿಡಿದ ತುಂಡು ತುಂಡು ನೆಲ ಅದು. ಸೆಡ್ರಿಕ್ ಬಗ್ಗಿ ಲೀಕ್ ಈರುಳ್ಳಿಯ ಗಿಡಗಳಿಗೆ ಮಣ್ಣು ಏರಿಸುತ್ತಿದ್ದ. ಮಗುಚಿದ ಬಕೆಟ್ಟಿನ ಮೇಲೆ ಅವಳನ್ನು ಕೂರಿಸಿ, ಥರ್ಮಾಸಿನ ಮುಚ್ಚಳಕ್ಕೆ ಚಹಾ ಬಗ್ಗಿಸಿಕೊಟ್ಟ. ಅವಳು ನಡೆದದ್ದೆಲ್ಲ ಹೇಳಿದಳು.

"ಯಾರೂ ನನ್ನ ಕೇಳಿದ ನೆನಪಿಲ್ಲ ಅಂದುಬಿಡಲಾ?" ಎಂದಳು.

"ಅನ್ನು. ಆಗ ಹಲ್ಲಿನ ಡಾಕ್ಟ್ರು ಸುಳ್ಳುಗಾರ ಆಗ್ತಾರೆ. ಹಿಲ್ಡಾ ಬಿಟ್ರೆ ಊರೆಲ್ಲ ಸುಳ್ಳುಗಾರರು. ನಿನ್ನ ಟೋಪಿ ಮಾತ್ರ ತಲೆ ಮೇಲೆ ಇರುತ್ತೆ."

"ನಿಂಗೆ ತಮಾಷೆ."

"ತಮಾಷೆ ಅಲ್ಲ ಕಣೇ. ಸ್ಟೇಷನ್ ಮಾಸ್ಟರ್ ಗಂಡ ಅಂತ ಹೆಂಡದಂಗಡೀಲಿ ನಂಗೂ ಎಷ್ಟು ಸಲ ಬಿಟ್ಟಿ ಬಿಯರ್ ಸಿಕ್ಕಿದೆ. ನನಗೇನು ನಷ್ಟ ಇಲ್ವಾ?"

ಅವಳು ನಗಲಿಲ್ಲ. "ಸೆಡ್ರಿಕ್, ನಾನು ಅದಲ್ಲ ಅಂದ್ರೆ ಮತ್ತೇನು? ಕಿಟಕಿ ಹಿಂದೆ ಕೂತ ಒಬ್ಬಳು ಗುಮಾಸ್ತೆ. ಅದಕ್ಕೆ ಯಾರಾದ್ರೂ ಚಿತ್ರ ತೂಗುಹಾಕ್ತಾರಾ? ನನ್ನ ಹತ್ರ ಇದ್ದಿದ್ದೇ ಅದೊಂದು."

ಸೆಡ್ರಿಕ್ ಸಲಿಕೆ ನೆಲಕ್ಕೆ ಊರಿ ಅದರ ಮೇಲೆ ಗಲ್ಲ ಇಟ್ಟ. ಬಯಲಿನ ಮೇಲೆ ಬಿಸಿಲು ಬಾಡುತ್ತಿತ್ತು, ಯಾರದೋ ನಾಯಿ ಪೊದೆಯ ಸುತ್ತ ಬೊಗಳುತ್ತ ಓಡುತ್ತಿತ್ತು. "ನಾನು ಮದುವೆ ಆಗಿದ್ದು ಗುಮಾಸ್ತೆನ," ಎಂದ. "ಹಾಸ್ಕಿನ್ಸ್ ಇನ್ನೂ ಇದ್ದ ಆಗ. ನಿನ್ನ ನೋಡೋಕೆ ಅಂತ ಬೇಡದ ಊರಿಗೆಲ್ಲ ಟಿಕೆಟ್ ತಗೊಂಡಿದೀನಿ. ನಾಳೆ ನೀನೇನು ಹೇಳ್ತೀಯೋ ನಿನಗೆ ಬಿಟ್ಟಿದ್ದು. ಈ ಚಹಾ ಆರಿಹೋಗ್ತಿದೆ, ಕುಡಿ."

ಮರುದಿನ ಹಾಲಿನಲ್ಲಿ ನಿಲ್ಲಲೂ ಜಾಗ ಇರಲಿಲ್ಲ. ಲಂಡನ್ನಿನ ಕೆಲಸಕ್ಕೆ ರಜೆ ಹಾಕಿ ಜನ ಬಂದಿದ್ದರು. ನಮ್ಮೂರವರು ಕೆಲಸಕ್ಕೆ ರಜೆ ಹಾಕುವುದು ಮದುವೆಗೆ, ಸಾವಿಗೆ ಮಾತ್ರ. ಮ್ಯೂರಿಯಲ್ ನೀಲಿ ಕೋಟು ಹಾಕಿ, ತಲೆ ಬಾಚಿ, ಪ್ರಮಾಣ ಮಾಡಿ ಕೂತಳು.

ಲ್ಯಾಟಿಮರ್ ಅವಳನ್ನು ಅಟ್ಟಕ್ಕೇರಿಸತೊಡಗಿದ. ಎಷ್ಟು ವರ್ಷಗಳ ಸೇವೆ! ಊರೇ ಅವರನ್ನು ಎಷ್ಟು ಗೌರವಿಸುತ್ತದೆ! ತಾನು ನಿನ್ನೆ ಗ್ರಂಥಾಲಯಕ್ಕೆ ಹೋಗಿ ಆ ಸುಂದರವಾದ ಚಿತ್ರವನ್ನು ನೋಡಿ ಬಂದೆ ಎಂದ. ಅವನು ಹೊಗಳಿದಷ್ಟೂ ಬಯಲು ಕೈಜಾರುತ್ತಿತ್ತು, ಅದು ಇಮೊಜೆನ್‌ಗೆ ಗೊತ್ತು, ಮ್ಯೂರಿಯಲ್‌ಗೂ ಗೊತ್ತು. ಹಿಂದೆ ಕೂತ ಊರಿಗೆ ಮಾತ್ರ ಗೊತ್ತಿಲ್ಲ. ಪ್ರತಿ ಹೊಗಳಿಕೆಗೂ ಅದು ಹೆಮ್ಮೆಯಿಂದ ತಲೆಯಾಡಿಸುತ್ತಿತ್ತು.

"ಹಾಗಾದ್ರೆ ಮೇಡಂ, ಟಾರ್ಲಿಯ ಸ್ಟೇಷನ್ ಮಾಸ್ಟರ್ ಆಗಿ ತಾವು ಈ ಸಜ್ಜನರಿಗೆಲ್ಲ ಬಯಲು ಬಳಸೋಕೆ ಅಪ್ಪಣೆ ಕೊಟ್ಟಿದ್ದು ನಿಜ, ಅಲ್ವೇ?"

ಒಂದು ಹ್ಞೂಂ ಸಾಕಾಗಿತ್ತು. ಎದುರಿನ ಸಾಲಿನಲ್ಲಿ ಫೆಲ್ ಪ್ರೀತಿಯಿಂದ ಅವಳನ್ನೇ ನೋಡುತ್ತಿದ್ದರು.

"ನಾನು ಸ್ಟೇಷನ್ ಮಾಸ್ಟರ್ ಆಗಿರಲಿಲ್ಲ ಸಾರ್," ಎಂದಳು.

ಲ್ಯಾಟಿಮರ್‌ನ ಮುಗುಳ್ನಗೆ ಹಾಗೇ ನಿಂತಿತು. "ಕ್ಷಮಿಸಿ?"

"ಆಗಿರಲಿಲ್ಲ. ಯಾವತ್ತೂ ಆಗಿರಲಿಲ್ಲ. ಟಿಕೆಟ್ ಕೊಡ್ತಿದ್ದೆ."

ಲ್ಯಾಟಿಮರ್ ಸಾವರಿಸಿಕೊಂಡ. "ಚಿತ್ರದಲ್ಲಿ ತಾವು ಟೋಪಿ ಹಾಕಿದೀರಿ."

"ಗೂಟದ ಮೇಲಿತ್ತು. ಮಳೆ ಬರ್ತಿತ್ತು."

"ಕೆಳಗೆ ಬರೆದಿದ್ದಾರೆ."

"ಬರೆದೋರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು."

"ಅಂದ್ರೆ ಇಷ್ಟು ವರ್ಷ ತಾವು ಈ ಊರಿಗೆ ಸುಳ್ಳು ಹೇಳಿದಿರಿ." ಬೆಣ್ಣೆಯೊಳಗಿನ ಚೂರಿ ಮೊದಲ ಸಲ ಕಾಣಿಸಿತು.

ಮ್ಯೂರಿಯಲ್ ಮುಖ ಕೆಂಪಾಯಿತು. ಆದರೂ ನೆಲ ನೋಡಲಿಲ್ಲ. "ಹೇಳಲಿಲ್ಲ ಸಾರ್. ಅವರು ಹಾಗೆ ಕರೆದ್ರು, ನಾನು ಓಗೊಟ್ಟೆ. ಕೇಳೋಕೆ ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು."

ವಿಚಾರಣಾಧಿಕಾರಿ ಪೆನ್ನು ಕೆಳಗಿಟ್ಟರು. "ಮಿಸೆಸ್ ಪೆನ್‌ಫೋಲ್ಡ್, ರೈಲ್ವೆಯ ನೆಲದ ಬಗ್ಗೆ ಏನಾದರೂ ತೀರ್ಮಾನ ಮಾಡೋ ಅಧಿಕಾರ ನಿಮಗಿತ್ತಾ?"

"ನೆಲ ಹಾಗಿರಲಿ ಮೇಡಂ. ಪ್ಲಾಟ್‌ಫಾರಮ್ಮಲ್ಲಿ ನಾಲ್ಕು ಹೂವಿನ ಕುಂಡ ಇಟ್ಟಿದ್ದೆ. ಮೇಲಿನ ಆಫೀಸಿಂದ ಒಬ್ಬ ಬಂದು, ಯಾರನ್ನ ಕೇಳಿ ಇಟ್ಟೆ ಅಂತ ಎಲ್ಲರ ಮುಂದೆ ಬೈದ. ಅವನು ಹೋಗೋ ತನಕ ಕುಂಡಗಳನ್ನ ಹೆಂಗಸರ ಪಾಯಿಖಾನೆಯಲ್ಲಿ ಬಚ್ಚಿಟ್ಟಿದ್ದೆ. ಅವನ ಗಾಡಿ ಹೊರಟ ಮೇಲೆ ವಾಪಸ್ ತಂದಿಟ್ಟೆ. ಅಷ್ಟ್ರಲ್ಲಿತ್ತು ನನ್ನ ಅಧಿಕಾರ."

ಎಲ್ಲೋ ಒಂದು ನಗು ಸಿಡಿಯಿತು.

ಲ್ಯಾಟಿಮರ್ ಬಿಡಲಿಲ್ಲ. "ಆದರೂ ಜನ ಕೇಳಿದಾಗ ತಾವು 'ಹೋಗಿ' ಅಂದ್ರಿ. ಅಧಿಕಾರ ಇಲ್ಲದೆ ಯಾಕೆ ಅಂದ್ರಿ?"

"ಇನ್ನೇನನ್ನಲಿ? ಬೆಳಗಿನ ಹೊತ್ತು, ಹಿಂದೆ ಉದ್ದ ಸಾಲು, ಗಾಡಿ ಬರೋ ಸಮಯ. ಕಿಟಕೀಲಿ ಮುಖ ತೂರಿಸಿ 'ಆ ಕಡೆಯಿಂದ ಹೋಗಬಹುದಾ' ಅಂತಾರೆ. ಆಗಲೇ ಆ ಕಡೆಯಿಂದನೇ ಬಂದು ನಿಂತಿರ್ತಾರೆ, ಬೂಟಿಗೆ ಹುಲ್ಲು ಅಂಟಿರುತ್ತೆ. ಅದು ಕೇಳೋದಲ್ಲ ಸಾರ್, ಮಾತಾಡ್ಸೋದು. 'ಇವತ್ತು ಒಳ್ಳೆ ಬಿಸಿಲು ಅಲ್ವಾ' ಅಂದ್ರೆ ನಾನು 'ಹೌದು' ಅಂತಿದ್ದೆ. ಹಾಗಂತ ಬಿಸಿಲಿಗೆ ನಾನು ಅಪ್ಪಣೆ ಕೊಟ್ಟ ಹಾಗಾಯ್ತಾ?"

ಈ ಸಲ ಇಡೀ ಸಭೆಯೇ ನಕ್ಕಿತು. ಲ್ಯಾಟಿಮರ್ ಕಾಗದಗಳನ್ನು ಜೋಡಿಸಿಕೊಂಡು, ತಲೆಬಾಗಿ, ಕೂತ. ಅವನ ಹತ್ತಿರ ಕೇಳಲು ಇನ್ನೇನೂ ಉಳಿದಿರಲಿಲ್ಲ.

ಮ್ಯೂರಿಯಲ್‌ಗೆ ಆ ನಗು ತನ್ನ ಮಾತಿಗೋ ತನಗೋ ತಿಳಿಯಲಿಲ್ಲ. ಯಾರ ಮುಖವನ್ನೂ ನೋಡದೆ ಹಿಂಬಾಗಿಲಿನಿಂದ ಹೊರಬಿದ್ದು ಮನೆ ಸೇರಿದಳು. ಕೆಲವು ದಿನ ಪೇಟೆಗೆ ಹೋಗಲಿಲ್ಲ, ಗ್ರಂಥಾಲಯದ ಬೀದಿಯನ್ನಂತೂ ತುಳಿಯಲೇ ಇಲ್ಲ. ಕೊನೆಗೆ ಚಹಾಕ್ಕೆ ಹಾಲು ತೀರಿ ಹೊರಗೆ ಬರಲೇಬೇಕಾಯಿತು. ದಾರಿಯಲ್ಲಿ ಸಿಕ್ಕ ಒಬ್ಬರೂ ಆ ವಿಷಯ ಎತ್ತಲಿಲ್ಲ. ನಮ್ಮವರು ಹಾಗೆ, ಯಾರದಾದರೂ ಮನಸ್ಸು ನೊಂದಿದೆ ಎಂದು ಗೊತ್ತಾದರೆ ಹವಾಮಾನದ ಬಗ್ಗೆ ಎಂದಿಗಿಂತ ಎರಡು ಪಟ್ಟು ಮಾತಾಡುತ್ತಾರೆ. ಆ ಚಳಿಗಾಲದಲ್ಲಿ ಅವಳ ಜೊತೆ ಮಂಜಿನ ಬಗ್ಗೆ, ಗಾಳಿಯ ಬಗ್ಗೆ ಊರು ಆಡಿದಷ್ಟು ಮಾತು ನಾನು ಯಾವತ್ತೂ ಕೇಳಿಲ್ಲ. ಬಾಗಿಲ ಮುಂದೆ ಜಾಮಿನ ಬಾಟಲಿಗಳು ಬಂದು ಕೂತಿರುತ್ತಿದ್ದವು, ಇಟ್ಟವರ ಸುಳಿವಿಲ್ಲ.

ತೀರ್ಪು ಮೇ ತಿಂಗಳಲ್ಲಿ ಬಂತು. ಇಮೊಜೆನ್ ಲಂಡನ್ನಿನಿಂದ ಮಧ್ಯಾಹ್ನದ ಗಾಡಿಗೇ ಹಾರಿ ಬಂದಳು, ಸುದ್ದಿ ಅವಳಿಗಿಂತ ಮುಂಚೆ ಓಡಿತು. ಸಂಜೆಗೆ ಊರೆಲ್ಲ ಕಲ್ಲಿದ್ದಲ ಬಯಲಿನಲ್ಲಿತ್ತು, ನಾಯಿ ಸಮೇತ. ಕೌಸ್ಲಿಪ್ ಹೂ ಅರಳಿತ್ತು. ಗೆದ್ದಿದ್ದೆವು. ಆ ನೆಲ ಇನ್ನು ಮುಂದೆ ಟಾರ್ಲಿಯ ಊರ ಬಯಲು, ಸೂರ್ಯಚಂದ್ರರಿರುವವರೆಗೆ. ನಾವೆಲ್ಲ ಕೈ ಕುಲುಕಿದೆವು. ಕೆಲವರು ಅಪ್ಪಿಕೊಂಡೇಬಿಟ್ಟರು, ಆಮೇಲೆ ಗಾಬರಿಯಾಗಿ ಕ್ಷಮೆ ಕೇಳಿದರು. ಹಿಲ್ಡಾ ಡಚೆಸ್ಸಿನ ಯಜಮಾನರ ಹೆಸರು ಕೇಳಿ ತಿಳಿದುಕೊಂಡಳು.

ಮ್ಯೂರಿಯಲ್ ಸೆಡ್ರಿಕ್‌ನ ತೋಳು ಹಿಡಿದು ಗುಂಪಿನ ಅಂಚಿನಲ್ಲಿ ನಿಂತಿದ್ದಳು. ಇಮೊಜೆನ್ ಜನರ ನಡುವೆ ದಾರಿ ಮಾಡಿಕೊಂಡು ಅವಳ ಹತ್ತಿರ ಬಂದು, ತೀರ್ಪಿನ ಹಾಳೆಗಳನ್ನು ಮಗುಚಿ, ಒಂದು ಕಡೆ ಬೆರಳಿಟ್ಟು ತೋರಿಸಿದಳು.

"ಇಡೀ ತೀರ್ಪು ಇದೊಂದು ಸಾಲಿನ ಮೇಲೆ ನಿಂತಿದೆ ಮಿಸೆಸ್ ಪೆನ್‌ಫೋಲ್ಡ್. ನೀವೇ ಓದಿ."

ಮ್ಯೂರಿಯಲ್ ಕನ್ನಡಕ ಏರಿಸಿಕೊಂಡು ಮನಸ್ಸಿನಲ್ಲೇ ಓದಿದಳು. ಇನ್ನೊಮ್ಮೆ ಓದಿದಳು. ತುಟಿ ನಡುಗಿತು, ಸೆಡ್ರಿಕ್ ಗಾಬರಿಯಿಂದ ಅವಳ ಮುಖ ನೋಡಿದ. ಆದರೆ ಅವಳು ಅಳುತ್ತಿರಲಿಲ್ಲ. ಬೆನ್ನು ನೆಟ್ಟಗಾಯಿತು, ಗಲ್ಲ ಮೇಲೆದ್ದಿತು. ಅವನ ತೋಳು ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದಳು.

"ಏನಂತೆ? ಗಟ್ಟಿಯಾಗಿ ಓದಿ!" ಎಂದರು ಫೆಲ್.

ಅವಳು ಗಂಟಲು ಸರಿಮಾಡಿಕೊಂಡು, ಒಂದೊಂದು ಅಕ್ಷರಕ್ಕೂ ತೂಕ ಕೊಟ್ಟು ಓದಿದಳು: "ಶ್ರೀಮತಿ ಮ್ಯೂರಿಯಲ್ ಪೆನ್‌ಫೋಲ್ಡ್ ಅವರಿಗೆ ಯಾವ ಕಾಲದಲ್ಲೂ, ಯಾವ ವಿಷಯದಲ್ಲೂ, ಯಾವುದೇ ಬಗೆಯ ಅಧಿಕಾರ ಇರಲಿಲ್ಲವೆಂದು ನನಗೆ ಪೂರ್ಣ ಮನವರಿಕೆಯಾಗಿದೆ."

ಬಯಲಿನಲ್ಲಿ ಎದ್ದ ಕೂಗಿಗೆ ನಾಯಿಗಳೆಲ್ಲ ಬೊಗಳತೊಡಗಿದವು. "ಇನ್ನೊಂದ್ಸಲ! ಇನ್ನೊಂದ್ಸಲ!" ಎಂದು ಹಿಂದಿನವರು ಕೂಗಿದರು. ಮ್ಯೂರಿಯಲ್ ಹಳಿಯ ಕಡೆ ತಿರುಗಿ, ಅಲ್ಲಿ ಗಾಡಿಗೆ ಕಾದಿದ್ದ ಪರವೂರಿನವರಿಗೂ ಕೇಳಲಿ ಎಂದು, ಮೊದಲಿಗಿಂತ ಗಟ್ಟಿಯಾಗಿ ಇನ್ನೊಮ್ಮೆ ಓದಿದಳು.